ನೀರಿಲ್ಲದ ಸಮುದ್ರದ ನಾಲ್ಕು ದ್ವೀಪಗಳು

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ರೈಲಲ್ಲಿ ಹೋಗೋದು ಹೇಗೆ ಗೊತ್ತಾ? ಮೊದಲು ಬೆಂಗಳೂರು ಕಡೆ ಹೋಗೋ ರೈಲು ಹತ್ತಬೇಕು. ದೊಡ್ಡಬಳ್ಳಾಪುರ ದಾಟಿ ಯಲಹಂಕದಲ್ಲಿ ಇಳೀಬೇಕು. ಅಲ್ಲಿ ಕಾಯಬೇಕು. ಆಮೇಲೆ ದೇವನಹಳ್ಳಿ ಮಾರ್ಗದ ರೈಲು ಸಿಕ್ಕಿದರೆ ಹತ್ತಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರ ಸೇರಬೇಕು. ರಸ್ತೆಯಲ್ಲಿ ನಲವತ್ತು ಕಿ.ಮೀ. ಒಳಗೆ ಮುಗಿಯೋ ದಾರಿಗೆ ಹಳಿಯ ಮೇಲೆ ನೂರು ಕಿ.ಮೀ.ಗೂ ಮಿಕ್ಕಿದ ಸುತ್ತು. ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಬರೋಕೆ ರಾಜಧಾನಿಯ ಹೊಸ್ತಿಲು ಮುಟ್ಟಿ ಬರಬೇಕು.

‘ಅಯ್ಯೋ, ಯಾರ್ರೀ ರೈಲಲ್ಲಿ ಹೋಗ್ತಾರೆ, ಬಸ್ಸಿಲ್ವಾ?’ ಅಂತ ನೀವು ಕೇಳ್ತೀರ. ಇದೆ ಸ್ವಾಮಿ, ಬಸ್ಸಿದೆ. ಎಷ್ಟು ಗಂಟೆಗೆ ಅಂತ ದಾರಿಯ ಯಾವುದಾದರೂ ಹಳ್ಳಿ ಸ್ಟಾಪಿನಲ್ಲಿ ನಿಂತು ಕೇಳಿ ನೋಡಿ. ‘ಬರುತ್ತೆ’ ಅಂತಾರೆ. ಯಾವಾಗ ಅಂದ್ರೆ, ‘ಈಗ ಬರೋ ಟೈಮೇ.’ ಕೊನೇ ಬಸ್ಸು ಎಷ್ಟಕ್ಕೆ ಅಂದ್ರೆ, ‘ಇದ್ರೆ ಇರುತ್ತೆ, ಒಂದೊಂದ್ ದಿನ ಬರಲ್ಲ.’ ನಮ್ಮ ಜಿಲ್ಲೆಯ ಅಧಿಕೃತ ವೇಳಾಪಟ್ಟಿ ಇಷ್ಟೇ: ಬರುತ್ತೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ. ಈ ನಾಲ್ಕೂ ಊರಿಂದ ಬೆಂಗಳೂರಿಗೆ ಹೋಗೋದು ಕಷ್ಟವಲ್ಲ. ಬೆಳಗಿನ ಜಾವದಿಂದ ಕಂಡಕ್ಟರುಗಳು ಮೆಜೆಸ್ಟಿಕ್, ಹೊಸಕೋಟೆ, ಹೆಬ್ಬಾಳ ಅಂತ ಕೂಗ್ತಾನೇ ಇರ್ತಾರೆ. ಕಷ್ಟ ಇರೋದು ಇವು ಒಂದರಿಂದ ಒಂದಕ್ಕೆ ಹೋಗೋದರಲ್ಲಿ. ಅದಕ್ಕಿಂತ ಕಷ್ಟ, ಈ ಊರುಗಳಿಂದ ಅವುಗಳದ್ದೇ ಹಳ್ಳಿಗಳಿಗೆ ಸಂಜೆ ಏಳರ ಮೇಲೆ ವಾಪಸ್ ಹೋಗೋದರಲ್ಲಿ. ಪ್ರತಿಯೊಂದು ಊರೂ ಬೆಂಗಳೂರಿಗೆ ಒಂದೊಂದು ಹಗ್ಗ ಕಟ್ಟಿಕೊಂಡು ತೇಲೋ ದ್ವೀಪ. ಸುತ್ತ ಸಮುದ್ರ. ಸಮುದ್ರದಲ್ಲಿ ನೀರಿಲ್ಲ ಅಷ್ಟೆ. ನಮ್ಮ ಕಡೆ ನೀರು ಎಲ್ಲೂ ಇಲ್ಲ ಅನ್ನೋದು ಬೇರೆ ಮಾತು.

ದ್ವೀಪ ಅಂದಮೇಲೆ ನಿಜವಾದ ದ್ವೀಪವೊಂದರ ಲೆಕ್ಕ ನೋಡೋಣ. ಐಸ್‌ಲ್ಯಾಂಡ್. ವಿಸ್ತೀರ್ಣ ಒಂದು ಲಕ್ಷ ಚದರ ಕಿ.ಮೀ.ಗೂ ಸ್ವಲ್ಪ ಹೆಚ್ಚು. ಜನ ಹೆಚ್ಚು ಕಡಿಮೆ ನಾಲ್ಕು ಲಕ್ಷ. ಅಂದರೆ ಚದರ ಕಿ.ಮೀ.ಗೆ ನಾಲ್ಕು ಜನ. ಅದರಲ್ಲೂ ಮೂರರಲ್ಲಿ ಎರಡು ಪಾಲು ರಾಜಧಾನಿ ರೇಕ್ಯಾವಿಕ್ ಸುತ್ತಲೇ ಇದ್ದಾರೆ. ಉಳಿದ ದೇಶ ಅಂದರೆ ಮಂಜು, ಲಾವಾ ಬಯಲು, ಕುರಿ, ಗಾಳಿ. ರೈಲೇ ಇಲ್ಲ. ಹಿಂದೆ ಹಳಿ ಹಾಕಿದ್ದುಂಟು, 1913ರಲ್ಲಿ, ರೇಕ್ಯಾವಿಕ್ ಬಂದರು ಕಟ್ಟೋಕೆ ಕಲ್ಲು ಸಾಗಿಸಲು. ಕೆಲಸಕ್ಕೆ ತಂದ ಎರಡು ಎಂಜಿನ್ನುಗಳು ಇವತ್ತು ಪ್ರದರ್ಶನದ ವಸ್ತು.

ಇಂಥ ದೇಶದಲ್ಲಿ ರೇಕ್ಯಾವಿಕ್‌ನಿಂದ ಉತ್ತರದ ಆಕುರೇರಿ ಅನ್ನೋ ಊರಿಗೆ, ಮುನ್ನೂರೆಂಬತ್ತಕ್ಕೂ ಹೆಚ್ಚು ಕಿ.ಮೀ. ದೂರ, ಸರ್ಕಾರದ ದುಡ್ಡಿನಲ್ಲಿ ಬಸ್ ಓಡುತ್ತೆ. ದಿನಕ್ಕೆ ಒಂದೋ ಎರಡೋ. ಟಿಕೆಟ್ ದುಬಾರಿ. ಚಳಿಗಾಲದಲ್ಲಿ ಹಿಮಗಾಳಿ ಬೀಸಿದರೆ ರದ್ದು. ಅಲ್ಲಿಯ ಜನ ಕೂಡ ಬಸ್ ಸಾಲದು ಅಂತ ಗೊಣಗುತ್ತಾರೆ, ಹೆಚ್ಚಿನವರು ಕಾರೇ ಓಡಿಸುತ್ತಾರೆ. ಅದೇನು ಸ್ವರ್ಗವಲ್ಲ. ಆದರೆ ಆ ಒಂದು ಬಸ್ಸು ಯಾವ ಪೆಟ್ರೋಲ್ ಬಂಕಿನ ಮುಂದೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಿಲ್ಲುತ್ತೆ ಅನ್ನೋದನ್ನ ನೀವು ಕೋರಮಂಗಲದ ಮಂಚದ ಮೇಲೆ ಮಲಗಿಕೊಂಡು ಫೋನಲ್ಲಿ ನೋಡಬಹುದು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ರಾತ್ರಿ ಎಂಟರ ಮೇಲೆ ಬಸ್ಸಿದೆಯಾ ಅನ್ನೋದನ್ನ ಶಿಡ್ಲಘಟ್ಟದಲ್ಲೇ ನಿಂತು ನೋಡೋಕೆ ಆಗಲ್ಲ.

2011ರ ಜನಗಣತಿಯ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹನ್ನೆರಡೂವರೆ ಲಕ್ಷ ಜನ. ಚದರ ಕಿ.ಮೀ.ಗೆ ಸುಮಾರು ಮುನ್ನೂರು. ನಾಲ್ಕು ಜನ ಇರೋ ಕಡೆ ವೇಳಾಪಟ್ಟಿ ಇದೆ, ಮುನ್ನೂರು ಜನ ಇರೋ ಕಡೆ ‘ಬರುತ್ತೆ’ ಇದೆ. ಹಾಗಾಗಿ ಇನ್ನು ಮೇಲೆ ಯಾರಾದರೂ ಆಫೀಸರು ‘ಆ ರೂಟಲ್ಲಿ ಜನ ಇಲ್ಲ’ ಅಂದರೆ ದಯವಿಟ್ಟು ನಗಬೇಡಿ, ಈ ಲೆಕ್ಕ ಕೊಡಿ.

ಹಾಗಂತ ನಮಗೆ ಇತಿಹಾಸ ಇಲ್ಲ ಅಂತೇನಿಲ್ಲ. ಐಸ್‌ಲ್ಯಾಂಡಿನವರು ಬಂದರಿಗೆ ಕಲ್ಲು ಎಳೆಯುತ್ತಿದ್ದ ಅದೇ 1913ರಲ್ಲಿ ಇಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಪುಟ್ಟ ರೈಲು ಬಂತು. ಎರಡೂವರೆ ಅಡಿ ಅಗಲದ ನ್ಯಾರೋಗೇಜ್. ಅದು ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಅದೇ ದಶಕದಲ್ಲಿ ಬೆಂಗಳೂರಿನ ಕಡೆಯಿಂದ ದೇವನಹಳ್ಳಿ ಮೇಲೆ ಇನ್ನೊಂದು ಹಳಿ ಬಂದು ಚಿಕ್ಕಬಳ್ಳಾಪುರದಲ್ಲಿ ಸೇರಿತು. ಆಗ ಮೈಸೂರಿನ ದಿವಾನರು ಯಾರು? ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ನೂರು ವರ್ಷಕ್ಕೂ ಹಿಂದೆ, ಎತ್ತಿನ ಗಾಡಿಯ ಕಾಲದಲ್ಲಿ, ಈ ಒಣ ಸೀಮೆಯ ಪೇಟೆಗಳನ್ನ ಒಂದಕ್ಕೊಂದು ಜೋಡಿಸಬೇಕು ಅನ್ನೋ ಬುದ್ಧಿ ಆ ಸರ್ಕಾರಕ್ಕಿತ್ತು.

ಆಮೇಲೆ ಏನಾಯ್ತು? ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಪುಟ್ಟ ರೈಲು ನಿಂತುಹೋಯ್ತು. ಬ್ರಾಡ್‌ಗೇಜ್ ಮಾಡ್ತೀವಿ ಅಂತ ಹಳಿ ಕಿತ್ತರು. ಮತ್ತೆ ಆ ದಾರಿಯಲ್ಲಿ ಪ್ರಯಾಣಿಕರ ರೈಲು ಓಡಿದ್ದು 2013ರಲ್ಲಿ. ಒಂದು ತಲೆಮಾರು ಮಕ್ಕಳು ಶಿಡ್ಲಘಟ್ಟದಲ್ಲಿ ರೈಲಿಲ್ಲದ ರೈಲ್ವೆ ಸ್ಟೇಷನ್ ನೋಡಿಕೊಂಡು ಬೆಳೆದು ದೊಡ್ಡವರಾದರು. ಈಗಲೂ ಆ ಹಳಿಯ ಮೇಲೆ ದಿನಕ್ಕೆ ಬೆರಳೆಣಿಕೆಯ ರೈಲು. ಗೌರಿಬಿದನೂರಿನದು ಇನ್ನೊಂದು ಕಥೆ. ಗುಂತಕಲ್ ಕಡೆ ಹೋಗೋ ಹಳೇ ಮಾರ್ಗದಲ್ಲಿ ಅದಿದೆ, ಹಾಗಾಗಿ ಹಿಂದೂಪುರ ಹತ್ತಿರ, ಸ್ವಂತ ಜಿಲ್ಲಾ ಕೇಂದ್ರ ದೂರ. ಚಿಕ್ಕಬಳ್ಳಾಪುರ–ಗೌರಿಬಿದನೂರು ಹೊಸ ಮಾರ್ಗದ ಹೆಸರು ರೈಲ್ವೆಯ ಕಾಗದಗಳಲ್ಲಿ ಬಂದು ವರ್ಷಗಳೇ ಆದವು. ಹಳಿ ಮಾತ್ರ ಕಾಗದದಿಂದ ಕೆಳಗೆ ಇಳಿದಿಲ್ಲ.

2007ರಲ್ಲಿ ಕೋಲಾರದಿಂದ ಬೇರೆ ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರಲ್ಲ, ಯಾಕೆ? ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆಯ ಜನ ಒಂದು ಸಹಿಗೆ ಕೋಲಾರದವರೆಗೆ ಅಲೆಯೋದು ತಪ್ಪಲಿ, ಜಿಲ್ಲಾ ಕೇಂದ್ರ ಹತ್ತಿರ ಬರಲಿ ಅಂತ. ನಕ್ಷೆಯಲ್ಲಿ ಹತ್ತಿರ ಬಂತು. ಕಚೇರಿ ಬಂತು, ಕೋರ್ಟು ಬಂತು, ಜಿಲ್ಲಾಸ್ಪತ್ರೆ ಬಂತು, ಮೆಡಿಕಲ್ ಕಾಲೇಜೂ ಬಂತು. ಇವೆಲ್ಲವನ್ನೂ ತಲುಪೋ ದಾರಿ ಮಾತ್ರ ಅವರವರ ಪುಣ್ಯ. ಜಿಲ್ಲೆ ಅನ್ನೋದು ಸಂಜೆ ಐದಕ್ಕೆ ಬಾಗಿಲು ಹಾಕೋ ಕಚೇರಿಗಳ ಗುಂಪಾ, ಅಥವಾ ಅಲ್ಲಿಗೆ ಹೋಗಿ ಕೆಲಸ ಮುಗಿಸಿ ಕತ್ತಲಾಗೋ ಮುಂಚೆ ಮನೆ ಸೇರಬಹುದು ಅನ್ನೋ ಭರವಸೆಯಾ?

ಸರಿ, ಈಗ ನನ್ನ ಹೊಟ್ಟೆ ಉರಿಸೋ ವಿಷಯಕ್ಕೆ ಬರ್ತೀನಿ. ಈ ನಾಲ್ಕು ಊರುಗಳು ದಿಕ್ಕಿಗೊಂದರಂತೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಬಸ್ ಓಡಿಸೋದು ಕಷ್ಟ ಅಂತ ಒಪ್ಪಬಹುದಿತ್ತು. ಆದರೆ ಇವು ನಾಲ್ಕೂ ಒಂದೇ ರಸ್ತೆಯ ಮೇಲಿವೆ! ಹಳೇ 234, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿ. ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ದಾರಕ್ಕೆ ಪೋಣಿಸಿದ ಮಣಿ ಹಾಗೆ. ಒಟ್ಟು ಎಂಬತ್ತು ಕಿ.ಮೀ. ಆಸುಪಾಸು. ಬಸ್ ರೂಟು ಹಾಕೋದಕ್ಕೆ ಇದಕ್ಕಿಂತ ಸಲೀಸಾದ ನಕ್ಷೆ ದೇವರೂ ಕೊಡಲಾರ.

ಲೆಕ್ಕ ಹಾಕೋಣ. ಗಂಟೆಗೆ ಸರಾಸರಿ ಮೂವತ್ತು ಕಿ.ಮೀ. ಅಂತ ಇಟ್ಟುಕೊಳ್ಳಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎರಡೂ ಮುಕ್ಕಾಲು ಗಂಟೆ. ಹೋಗಿ ಬರೋಕೆ, ಡ್ರೈವರ್ ಕಂಡಕ್ಟರ್ ಕಾಫಿ ಕುಡಿಯೋದೂ ಸೇರಿ, ಆರು ಗಂಟೆ. ಅರ್ಧ ಗಂಟೆಗೊಂದು ಬಸ್ ಬಿಡಬೇಕಾದರೆ ಬೇಕಾಗೋದು ಹನ್ನೆರಡು ಬಸ್ಸು. ಕೆಟ್ಟು ನಿಂತರೆ ಅಂತ ಎರಡು ಜಾಸ್ತಿ ಇಡಿ. ಹದಿನಾಲ್ಕು ಬಸ್ಸು. ಬೆಳಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ, ನಾಲ್ಕು ಊರಿನ ನಡುವೆ, ಗಡಿಯಾರ ನೋಡಿಕೊಂಡು ಮನೆಯಿಂದ ಹೊರಡಬಹುದಾದ ಬಸ್ಸು. ಈ ದಾರಿಯಲ್ಲಿ ಈಗ ಬಿಡಿಬಿಡಿಯಾಗಿ ಓಡ್ತಿರೋ ಬಸ್ಸುಗಳನ್ನೇ ಒಂದು ಪಟ್ಟಿಗೆ ತಂದರೆ ಹದಿನಾಲ್ಕೂ ಹೊಸದಾಗಿ ಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಒಂದು ಫ್ಲೈಓವರಿನ ಎರಡು ಕಂಬದ ಖರ್ಚಿನ ಮಾತು ಇಲ್ಲಿ ಆಡೋದೂ ಬೇಡ.

‘ನಷ್ಟ ಆಗುತ್ತೆ’ ಅನ್ನೋರಿಗೆ ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆ ವಾರವೇ ‘ಜನ ಇಲ್ಲ’ ಅನ್ನೋ ವಾದ ಸತ್ತುಹೋಯ್ತು. ಎಲ್ಲಿದ್ದರು ಇಷ್ಟು ಜನ ಅಂತ ಟಿವಿಯವರು ಆಶ್ಚರ್ಯಪಟ್ಟರು. ಮನೇಲಿದ್ದರು ಸ್ವಾಮಿ. ಬಸ್ ಚಾರ್ಜಿಗೆ ಗಂಡನ ಹತ್ತಿರ, ಮಗನ ಹತ್ತಿರ ಕೈ ಚಾಚಬೇಕಲ್ಲ ಅಂತ ಮನೇಲಿದ್ದರು. ಈಗ ಹೊರಗೆ ಬಂದಿದ್ದಾರೆ. ಹೊರಗೆ ಬಂದವರಿಗೆ ಬಸ್ ಎಲ್ಲಿ?

ಈ ತಾಲ್ಲೂಕಿನ ದೊಡ್ಡ ಮನುಷ್ಯರೊಬ್ಬರ ಕಥೆ ನಾವೆಲ್ಲ ಕೇಳಿದ್ದೀವಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದೋಕೆ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು, ಸುಮಾರು ಎಂಬತ್ತು ಕಿ.ಮೀ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಭಾಷಣಗಳಲ್ಲಿ ಈ ನಡಿಗೆಯನ್ನ ಛಲದ ಕಥೆಯಾಗಿ ಹೇಳ್ತಾರೆ. ಛಲ ನಿಜ. ಆದರೆ ನಡೆಯೋ ಶಕ್ತಿ, ನಡೆಯೋ ಧೈರ್ಯ ಇಲ್ಲದೆ ಊರಲ್ಲೇ ಉಳಿದುಹೋದ ಹುಡುಗರ ಕಥೆ ಯಾರೂ ಬರೆದಿಟ್ಟಿಲ್ಲ. ಹುಡುಗಿಯರ ಕಥೆ ಕೇಳಲೇಬೇಡಿ. ಆವತ್ತು ಗೌರಿಬಿದನೂರಿನಲ್ಲಿ ರೈಲಿತ್ತು, ಬಡವರ ಹತ್ತಿರ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಇವತ್ತು ಹೆಂಗಸರಿಗೆ ಟಿಕೆಟ್ ಫ್ರೀ, ಬಸ್ಸಿಲ್ಲ.

ಕೊನೇ ಬಸ್ಸು ಅನ್ನೋದು ಸಣ್ಣ ವಿಷಯ ಅಂದುಕೊಂಡಿದ್ದೀರಾ? ಅದು ಎಷ್ಟು ಗಂಟೆಗೆ ಅನ್ನೋದರ ಮೇಲೆ ಒಂದು ಹುಡುಗಿ ಬಿ.ಎಸ್‌ಸಿ. ತಗೋಬೇಕೋ ಬಿ.ಎ. ತಗೋಬೇಕೋ ಅನ್ನೋದು ನಿರ್ಧಾರವಾಗುತ್ತೆ. ಲ್ಯಾಬ್ ಇರೋ ದಿನ ತಡವಾಗುತ್ತೆ, ಬಸ್ ತಪ್ಪುತ್ತೆ, ಅಪ್ಪ ಬೈಕಲ್ಲಿ ಬಂದು ಕಾಯಬೇಕು. ನಾಲ್ಕು ಸಲ ಬರ್ತಾರೆ, ಐದನೇ ಸಲ ‘ಓದಿದ್ದು ಸಾಕು’ ಅಂತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರೋ ರೈತನಿಗೂ ಅಷ್ಟೆ. ಗೂಡು ಕಾಯಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬರೋ ಮುಂಚೆ ಮಾರಬೇಕು. ಬೆಳಗಿನ ಹರಾಜಿಗೆ ಬಸ್ ನಂಬೋಕಾಗಲ್ಲ ಅಂತ ಟಾಟಾ ಏಸ್ ಬಾಡಿಗೆಗೆ ಹಿಡೀತಾನೆ. ಎರಡು ಮಂಕರಿ ಗೂಡಿಗೆ ಒಂದು ಗಾಡಿ. ಆ ಬಾಡಿಗೆ ಯಾವ ಬಜೆಟ್ಟಿನಲ್ಲೂ ‘ಸಾರಿಗೆ ನಷ್ಟ’ ಅಂತ ಬರೆಯಲ್ಲ. ಬಸ್ ಓಡಿಸಿದರೆ ನಷ್ಟ ಸರ್ಕಾರದ ಪುಸ್ತಕದಲ್ಲಿ ಕಾಣುತ್ತೆ, ಓಡಿಸದಿದ್ದರೆ ಅದೇ ನಷ್ಟ ರೈತನ ಜೇಬಲ್ಲಿ ಹೋಗಿ ಕೂತ್ಕೊಳ್ಳುತ್ತೆ. ಕಾಣೋ ನಷ್ಟಕ್ಕೆ ಮೀಟಿಂಗು, ಕಾಣದ ನಷ್ಟಕ್ಕೆ ಮೌನ.

‘ಎಲ್ಲರ ಮನೇಲೂ ಬೈಕ್ ಇದೆಯಲ್ಲ’ ಅನ್ನೋದು ಇನ್ನೊಂದು ವಾದ. ಇದೆ. ಮನೆಗೊಂದು ಬೈಕು. ಅದರ ಕೀ ಯಾರ ಜೇಬಲ್ಲಿರುತ್ತೆ? ಮನೆಯ ಐದು ಜನರಲ್ಲಿ ಒಬ್ಬನ ಜೇಬಲ್ಲಿ. ಉಳಿದ ನಾಲ್ಕು ಜನ, ಅಜ್ಜಿ, ಅಮ್ಮ, ತಂಗಿ, ಕಣ್ಣು ಮಂಜಾದ ತಾತ, ಅವನ ಮರ್ಜಿ ಕಾಯಬೇಕು. ಬಸ್ ಇದ್ದ ಕಡೆ ತಾತ ಪಿಂಚಣಿ ಕೇಳೋಕೆ ತಾನೇ ಹೋಗ್ತಾನೆ. ಬಸ್ ಇಲ್ಲದ ಕಡೆ ‘ಭಾನುವಾರ ಕರ್ಕೊಂಡ್ ಹೋಗ್ತೀನಿ ಇರು’ ಅಂತ ಕೇಳಿಸಿಕೊಂಡು ಕೂತಿರ್ತಾನೆ. ಭಾನುವಾರ ಆಫೀಸೇ ತೆರೆಯಲ್ಲ.

ಇನ್ನು ನಮ್ಮ ಯೋಜನೆಗಳ ಆದ್ಯತೆ ನೋಡಿ. 2021ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹತ್ತಿರ ಚಂದದ ಹಾಲ್ಟ್ ಸ್ಟೇಷನ್ ತೆರೆದರು. ಒಳ್ಳೇದೇ. ಆದರೆ ರೈಲಿನ ಟೈಮಿಗೂ ಶಿಫ್ಟಿನ ಟೈಮಿಗೂ ತಾಳೆಯಾಗದೆ ಜನ ಹತ್ತಲಿಲ್ಲ. ಜನ ಹತ್ತದಿದ್ದಕ್ಕೆ ‘ಬೇಡಿಕೆ ಇಲ್ಲ’ ಅನ್ನೋ ಮಾತು ಬಂತು. ಊಟದ ಹೊತ್ತು ಮೀರಿ ಎಲೆ ಹಾಕಿ, ‘ಯಾರಿಗೂ ಹಸಿವಿಲ್ಲ’ ಅಂದ ಹಾಗಾಯ್ತು. ವಾರಾಂತ್ಯ ಬಂದರೆ ನಂದಿಬೆಟ್ಟದ ಬುಡದಲ್ಲಿ, 2023ರಲ್ಲಿ ಅವಲಗುರ್ಕಿಯಲ್ಲಿ ಆದಿಯೋಗಿ ಮೂರ್ತಿ ನಿಂತ ಮೇಲೆ ಆ ಕಡೆಯ ದಾರಿಯಲ್ಲೂ, ಬೆಂಗಳೂರಿನ ಕಾರುಗಳ ಸಾಲು. ಪ್ರವಾಸಿಗರಿಗೆ ವಿಶೇಷ ಬಸ್ ಬೇಕು ಅಂದರೆ ಮಾತುಕತೆ ತಕ್ಷಣ ಶುರುವಾಗುತ್ತೆ. ಸೋಮವಾರ ಬೆಳಗ್ಗೆ ಅದೇ ದಾರಿಯ ಹಳ್ಳಿಯವರು ಬಸ್ ಕೇಳಿದರೆ ‘ಅರ್ಜಿ ಕೊಟ್ಟು ಹೋಗಿ.’ 2025ರ ಜುಲೈನಲ್ಲಿ ಸಚಿವ ಸಂಪುಟವೇ ನಂದಿಬೆಟ್ಟ ಹತ್ತಿ ಸಭೆ ಮಾಡಿತು, ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡೋಕೆ ಒಪ್ಪಿತು. ಇಡಿ, ಬೇಡ ಅಂದವರಾರು? ಬಸ್ಸಿನ ಬೋರ್ಡಿನಲ್ಲಿ ಊರ ಹೆಸರು ಬದಲಾಯಿಸುವಾಗ ಪಕ್ಕದಲ್ಲಿ ಹೊರಡೋ ಟೈಮೂ ಬರೆಸಿಬಿಡಿ.

ಟೈಮ್ ಬರೆಸೋದು ಉಪಕಾರದ ಕೆಲಸ ಅಂತಲೂ ತಿಳಿಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ತೆಗೆದು ಓದಿ. ಒಪ್ಪಿಗೆ ಪಡೆದ ದರಪಟ್ಟಿಯನ್ನೂ ವೇಳಾಪಟ್ಟಿಯನ್ನೂ ಬಸ್ಸಿನಲ್ಲಿ, ಗೊತ್ತುಪಡಿಸಿದ ನಿಲ್ದಾಣಗಳಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು ಅಂತ ಪರ್ಮಿಟ್ಟಿಗೆ ಷರತ್ತು ವಿಧಿಸೋ ಅಧಿಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಇದೆ. ಆ ಪ್ರಾಧಿಕಾರಕ್ಕೆ ಅಧ್ಯಕ್ಷರು ಯಾರು? ಜಿಲ್ಲಾಧಿಕಾರಿಗಳೇ. ಅಂದರೆ ಇದಕ್ಕೆ ಹೊಸ ಕಾನೂನು ಬೇಡ, ಕೇಂದ್ರದ ಅನುದಾನ ಬೇಡ, ಡಿಪಿಆರ್ ಬೇಡ, ಕನ್ಸಲ್ಟೆಂಟ್ ಬೇಡ. ಒಂದು ಡಬ್ಬ ಬಣ್ಣ, ಒಂದು ಬ್ರಷ್ಷು, ಒಂದು ಸಹಿ.

ನಮ್ಮ ಹಳ್ಳಿಗಳ ಬಸ್ ತಂಗುದಾಣ ನೋಡಿದ್ದೀರಲ್ಲ? ಯಾವ ಶಾಸಕರ, ಯಾವ ಸಂಸದರ ನಿಧಿಯಿಂದ ಕಟ್ಟಿದ್ದು ಅಂತ ಹಣೆ ಮೇಲೆ ಅರ್ಧ ಅಡಿ ಅಕ್ಷರದಲ್ಲಿ ಬರೆದಿರುತ್ತೆ. ಪಕ್ಕದಲ್ಲಿ ಟ್ಯೂಷನ್ ಜಾಹೀರಾತು, ಬೋರ್‌ವೆಲ್ ಜಾಹೀರಾತು, ತಿಥಿ ಕಾರ್ಡು. ಬಸ್ ಯಾವಾಗ ಬರುತ್ತೆ ಅನ್ನೋದೊಂದು ಬಿಟ್ಟು ಲೋಕದ ಸಮಸ್ತ ವಿಷಯವೂ ಇರುತ್ತೆ.

ಈ ಸೀಮೆಯಲ್ಲಿ ಸರ್ಕಾರಿ ಬಸ್ಸು, ಖಾಸಗಿ ಬಸ್ಸಿನ ಜಗಳ ಹಳೇದು. 1968ರ ‘ಕೋಲಾರ ಪಾಕೆಟ್ ಸ್ಕೀಮ್’ ಕಾಲದಿಂದ ಯಾವ ರೂಟು ಯಾರಿಗೆ ಸೇರಬೇಕು ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದಾರೆ. ಅಷ್ಟು ವಾದ ಪ್ರತಿವಾದದಲ್ಲಿ ರೂಟು ಯಾರದು ಅಂತ ಎಲ್ಲರೂ ಕೇಳಿದರು. ಕೊನೇ ಬಸ್ಸು ಯಾರ ಹೊಣೆ ಅಂತ ಕೇಳೋರಿಲ್ಲ. ಲಾಭದ ಬೆಳಗಿನ ಟ್ರಿಪ್ಪಿಗೆ ಇಬ್ಬರೂ ಹಾಜರ್. ಅದಕ್ಕೇ ಪರ್ಮಿಟ್ ಕೊಡುವಾಗ ಬೆಳಗಿನ ಟ್ರಿಪ್ಪನ್ನೂ ರಾತ್ರಿಯ ಟ್ರಿಪ್ಪನ್ನೂ ಜೋಡಿಸಿ ಕೊಡಬೇಕು. ಎಂಟರ ತುಂಬಿದ ಬಸ್ಸು ಬೇಕಾದವನು ರಾತ್ರಿ ಒಂಬತ್ತರ ಖಾಲಿ ಬಸ್ಸೂ ಓಡಿಸಲಿ. ಕೆನೆ ಬೇಕಾದವನು ಹಾಲೂ ಕಾಯಿಸಲಿ.

ಈಗ ಇದನ್ನ ಓದ್ತಿರೋ ನಿಮ್ಮ ಬಗ್ಗೆ. ನಿಮ್ಮಲ್ಲಿ ತುಂಬಾ ಜನ ಈ ಊರುಗಳವರೇ ಅಂತ ನನಗೆ ಗೊತ್ತು. ಮಾನ್ಯತಾದಲ್ಲೋ ವೈಟ್‌ಫೀಲ್ಡಲ್ಲೋ ಕೆಲಸ. ಶುಕ್ರವಾರ ರಾತ್ರಿ ಕಾರಲ್ಲಿ ಊರಿಗೆ, ಭಾನುವಾರ ರಾತ್ರಿ ಟೊಮೆಟೊ, ತುಪ್ಪ, ಅವರೆಕಾಯಿ ತುಂಬಿಕೊಂಡು ವಾಪಸ್ಸು. ಬಿಎಂಟಿಸಿ ಆ್ಯಪಿನಲ್ಲಿ ಬಸ್ಸಿನ ಚುಕ್ಕೆ ಎರಡು ನಿಮಿಷ ತಡವಾಗಿ ಸರಿದರೆ ಟ್ವೀಟ್ ಮಾಡ್ತೀರ. ಮಾಡಿ, ತಪ್ಪೇನಿಲ್ಲ. ಉಪನಗರ ರೈಲು ಚಿಕ್ಕಬಳ್ಳಾಪುರಕ್ಕೆ ಬರಬೇಕು, ಮೆಟ್ರೊ ದೇವನಹಳ್ಳಿ ದಾಟಬೇಕು ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಡಿದಾಡ್ತೀರ. ಅದೂ ಬೇಕು. ಆದರೆ ಗಮನಿಸಿ, ನೀವು ಕೇಳೋದೆಲ್ಲ ಆ ದ್ವೀಪಗಳಿಗೆ ಕಟ್ಟಿರೋ ಬೆಂಗಳೂರಿನ ಹಗ್ಗವನ್ನ ಇನ್ನಷ್ಟು ದಪ್ಪ ಮಾಡೋ ಬೇಡಿಕೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಸೇತುವೆ ಬೇಕು ಅಂತ ಯಾರೂ ಕೇಳ್ತಿಲ್ಲ. ಕೇಳಬೇಕಾದವರಿಗೆ ಹ್ಯಾಷ್‌ಟ್ಯಾಗ್ ಹಾಕೋಕೆ ಬರಲ್ಲ. ಅವರು ಸ್ಟಾಪಿನಲ್ಲಿ ಸೀರೆ ಸೆರಗು ತಲೆಗೆ ಹೊದ್ದು ನಿಂತಿದ್ದಾರೆ.

ಬೆಂಗಳೂರಿಗೆ ಹಗ್ಗ ದಪ್ಪ ಮಾಡಿ, ಒಳಗಿನ ದಾರಿ ಸಣ್ಣ ಮಾಡಿದರೆ ಏನಾಗುತ್ತೆ ಅಂತ ನಾವು ಈಗಾಗಲೇ ನೋಡ್ತಿದ್ದೀವಿ. ಚಿಂತಾಮಣಿಯ ಹುಡುಗನಿಗೆ ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿದರೆ ದಿನಾ ಓಡಾಡೋದು ಕಷ್ಟ, ಬೆಂಗಳೂರಲ್ಲಿ ಪಿಜಿ ಹಿಡಿಯೋದು ಸುಲಭ. ಹೀಗೆ ಒಬ್ಬೊಬ್ಬರೇ ಹೋಗ್ತಾರೆ. ಒಳ್ಳೇ ಮೇಷ್ಟ್ರು, ಒಳ್ಳೇ ನರ್ಸು, ಒಳ್ಳೇ ಮೆಕ್ಯಾನಿಕ್ಕು. ಆಮೇಲೆ ಬೆಂಗಳೂರು ತುಂಬಿ ತುಳುಕ್ತಿದೆ ಅಂತ ಅಲ್ಲಿ ಟನೆಲ್ ರಸ್ತೆ ಕೊರೆಯೋಕೆ ಸಾವಿರಾರು ಕೋಟಿಯ ಮಾತು. ಅರ್ಧ ಗಂಟೆಗೊಂದು ಬಸ್ಸಿನ ಹದಿನಾಲ್ಕು ಬಸ್ಸಿಗೆ ಮಾತ್ರ ‘ಬೇಡಿಕೆಯ ಅಧ್ಯಯನ’ ಆಗಬೇಕು.

ಕೇಳೋದು ನಾಲ್ಕೇ ನಾಲ್ಕು. 69ನೇ ಹೆದ್ದಾರಿಯ ಮೇಲೆ ಗೌರಿಬಿದನೂರಿನಿಂದ ಚಿಂತಾಮಣಿಗೆ ಅರ್ಧ ಗಂಟೆಗೊಂದು ಬಸ್ಸು. ಪ್ರತಿ ತಂಗುದಾಣದ ಗೋಡೆ ಮೇಲೆ ಬಣ್ಣದಲ್ಲಿ ಬರೆದ ವೇಳಾಪಟ್ಟಿ. ಚಿಕ್ಕಬಳ್ಳಾಪುರಕ್ಕೆ ಬರೋ ಸಂಜೆಯ ರೈಲಿಗೆ ಕಾದು ನಿಂತು, ಇಳಿದವರನ್ನ ಕರ್ಕೊಂಡು ಹೊರಡೋ ಬಸ್ಸು. ಕೊನೆಯದಾಗಿ, ಕೊನೇ ಬಸ್ಸು ರದ್ದಾದರೆ ಅದಕ್ಕೆ ಹೆಸರು ಹೇಳಿ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿಸಿದರಲ್ಲ, ಆಗ ಹೊಸ ದರ ಯಾವ ದಿನದಿಂದ ಅನ್ನೋದನ್ನ ಕರಾರುವಾಕ್ಕಾಗಿ ಹೇಳಿದ್ದರು. ದುಡ್ಡು ತಗೊಳ್ಳೋ ದಿನ ಅಷ್ಟು ಖಚಿತವಾಗಿ ಗೊತ್ತಿರೋರಿಗೆ ಬಸ್ ಬಿಡೋ ಗಂಟೆ ಗೊತ್ತಿಲ್ಲ ಅಂದರೆ ನಂಬಬೇಕಾ?

ಮುಂದಿನ ಸಲ ಊರಿಗೆ ಹೋದಾಗ ಕಾರಿನ ಕೀ ಮನೇಲಿಟ್ಟು, ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ ಒಂದು ಸಂಜೆ ಬಸ್ಸಲ್ಲಿ ಹೊರಡಿ. ಎಷ್ಟಕ್ಕೆ ಹೊರಟಿರಿ, ಎಲ್ಲಿ ಎಷ್ಟು ಕಾದಿರಿ, ಎಷ್ಟಕ್ಕೆ ಸೇರಿದಿರಿ, ಬರೆದಿಟ್ಟುಕೊಳ್ಳಿ. ಆ ಚೀಟಿಯ ಜೊತೆ 72ನೇ ಕಲಂ ಇಟ್ಟು, ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು ಅಂತ ವಿಳಾಸ ಬರೆದು, ಜಿಲ್ಲಾಧಿಕಾರಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ಚೀಟಿಗೆ ಯಾರೂ ಹೆದರಲ್ಲ. ನಾಲ್ಕು ತಾಲ್ಲೂಕಿನಿಂದ ನಾನೂರು ಚೀಟಿ ಹೋದರೆ, ಅದೇ ಅವರು ಕೇಳ್ತಿದ್ದ ಬೇಡಿಕೆಯ ಅಧ್ಯಯನ. ಉತ್ತರ ಯಾವಾಗ ಬರುತ್ತೆ ಅಂತ ಕೇಳೋ ಸರದಿ ಆಗ ಅವರ ಕಡೆಯವರದ್ದಾಗಲಿ, ‘ಬರುತ್ತೆ’ ಅಂತ ಹೇಳೋ ಧೈರ್ಯ ಇದ್ದರೆ ಹೇಳಲಿ.